ಡಿಕ್ಷನರಿ ಮಾವ ಮತ್ತು ಅಡುಗೆಮನೆಯ ಸ್ಲೇಟು

ಅಚ್ಚುಕೂಟದಲ್ಲಿ ಇಂಗ್ಲಿಷ್ ಪುಸ್ತಕಗಳ ಪ್ರೂಫ್ ತಿದ್ದುತ್ತಿದ್ದ ಆ ಮನುಷ್ಯನಿಗೆ ಬೀದಿಯವರೆಲ್ಲ ಡಿಕ್ಷನರಿ ಎಂದು ಹೆಸರಿಟ್ಟಿದ್ದರು. ಅವರು ಅದನ್ನು ಹೊಗಳಿಕೆ ಎಂದೇ ತಿಳಿದು ಬೀಗುತ್ತಿದ್ದರು. ಸೊಸೆಗೆ ಮಾತ್ರ ಮಾವನ ಆ ಹೆಸರು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು.

ಬೆಳಗಿನ ಕಾಫಿ ಆರಿ ತಣ್ಣಗಾದರೂ ಸರಿ, ಅಡುಗೆಮನೆಯ ಸ್ಲೇಟಿನ ಮೇಲೆ ಅಂದಿನ ಪದ ಬರೆದು, ಹೆಂಡತಿ ಅದನ್ನು ಒಪ್ಪಿಸುವತನಕ ಅವರು ಲೋಟ ಮುಟ್ಟುತ್ತಿರಲಿಲ್ಲ. ಪದಗಳೋ, ಅತ್ತೆಯನ್ನು ಕುಟುಕಲೆಂದೇ ಹೆಕ್ಕಿ ತಂದಂಥವು.

"ನಿದ್ದೆಯಿಂದ ಎದ್ದಾಗ ಕಣ್ ಕಣ್ ಬಿಡ್ತೀಯಲ್ಲ, ಅದು ಡೇಜ್ಡ್. ಹಾಲು ಉಕ್ಕಿಸಿ ಗರ ಬಡಿದ ಹಾಗೆ ನಿಂತ್ಕೊಳ್ತೀಯಲ್ಲ, ಅದು ಸ್ಟನ್ಡ್. ಮಿಕ್ಕ ಹೊತ್ತೆಲ್ಲ ಮಂಕು ಕವಿದ ಹಾಗೆ ಇರ್ತೀಯಲ್ಲ, ಅದು ಸ್ಟುಪಿಫೈಡ್. ಹೇಳು."

ಅತ್ತೆ ಗಿಣಿಪಾಠ ಒಪ್ಪಿಸಿ ಒಲೆಯ ಕಡೆ ತಿರುಗುತ್ತಿದ್ದರು. ತಂಗಿಯ ಮನೆಗೆ ಹೋಗಿ ನಾಲ್ಕು ದಿನ ಇದ್ದು ಬರುತ್ತೇನೆಂದರೆ, "ಬಸ್ಸಿನ ಬೋರ್ಡು ಓದೋಕೆ ಬರುತ್ತಾ ನಿನಗೆ?" ಎಂದು ಮಾವ ಬಾಯಿ ಮುಚ್ಚಿಸುತ್ತಿದ್ದರು. ಎಂಥ ಕಲ್ಲೆದೆಯ ಮನುಷ್ಯ!

ಒಂದು ಭಾನುವಾರ ಅತ್ತೆ ಅಟ್ಟದ ಮೇಲಿನ ಡಬ್ಬಿ ಇಳಿಸಲು ಸ್ಟೂಲು ಹತ್ತಿದವರು ಕಾಲು ಜಾರಿ, ಸಿಂಕಿನ ಅಂಚಿಗೆ ತಲೆ ಬಡಿದು ಬಿದ್ದರು. ಸ್ನಾನ ಮಾಡುತ್ತಿದ್ದ ಸೊಸೆ ಒದ್ದೆ ತಲೆಯಲ್ಲೇ ಓಡಿಬಂದಳು. ಅತ್ತೆಯ ಕಿವಿಯ ಹಿಂದಿನಿಂದ ರಕ್ತ ಇಳಿಯುತ್ತಿತ್ತು. ಮಾವ ಆಂಬುಲೆನ್ಸಿನವರೊಂದಿಗೆ ಫೋನಿನಲ್ಲಿ ವಾದಕ್ಕಿಳಿದಿದ್ದರು.

"ಪ್ರಜ್ಞೆ ಇದೆಯಾ ಅಂದ್ರೆ ಏನ್ರೀ ಅರ್ಥ? ಸರಿಯಾಗಿ ಕೇಳಿ. ಕಣ್ಣು ಅರ್ಧ ತೆರೆದಿದೆ. ಡೇಜ್ಡ್ ಅನ್ನೋ ಹಾಗಿಲ್ಲ, ಸ್ಟನ್ಡ್ ಅಂತ ಬರ್ಕೊಳ್ಳಿ. ಇಲ್ಲ, ತಡೀರಿ..."

ತಡೀರಿ ಎಂದವರು ಫೋನನ್ನು ಕಿವಿಗಿಟ್ಟುಕೊಂಡೇ ಕಪಾಟಿನತ್ತ ನಡೆದರು. ನಿಘಂಟು ತೆಗೆಯಲು! ಸೊಸೆ ಫೋನ್ ಕಿತ್ತುಕೊಂಡಳು.

"ತಲೆಗೆ ಪೆಟ್ಟು ಬಿದ್ದಿದೆ, ರಕ್ತ ಹೋಗ್ತಿದೆ, ಕರೆದ್ರೆ ಮಾತಾಡ್ತಿಲ್ಲ. ಬೇಗ ಬನ್ನಿ," ಎಂದು ವಿಳಾಸ ಹೇಳಿದಳು.

"ಮಾತಾಡ್ತಿಲ್ಲ ಅನ್ನೋದು ತೀರಾ ಸಡಿಲ ಆಯ್ತಮ್ಮ," ಎಂದರು ಮಾವ, ಪುಟ ತಿರುವುತ್ತಾ. ಕೈಗೆ ಸಿಕ್ಕಿದ್ದರಲ್ಲಿ ಬಾರಿಸಿಬಿಡಬೇಕು ಅನ್ನಿಸಿತು ಅವಳಿಗೆ. ಅತ್ತೆಯ ತಲೆಗೆ ಟವೆಲ್ ಒತ್ತಿ ಹಿಡಿದು ಕೂತಳು.

ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿ, ಸ್ಕ್ಯಾನ್ ಮಾಡಿ, ಜೀವಕ್ಕೆ ಅಪಾಯವಿಲ್ಲ ಎಂದರು. ಸಂಜೆಗೆ ಅತ್ತೆ ಕಣ್ಣು ಬಿಟ್ಟರು. ಡಾಕ್ಟರ್ ಕೇಳಿದ್ದಕ್ಕೆ ತಮ್ಮ ಹೆಸರು ಹೇಳಿದರು, ಸೊಸೆಯನ್ನೂ ಗುರುತಿಸಿದರು.

"ಇವರು ಯಾರಮ್ಮ?" ಡಾಕ್ಟರ್ ಮಾವನನ್ನು ತೋರಿಸಿದರು.

ಅತ್ತೆ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಗೊತ್ತಾಗ್ತಿಲ್ಲ."

ಮಾವ ಮಂಚದ ಕಂಬಿ ಹಿಡಿದುಕೊಂಡರು. ಡಾಕ್ಟರ್ ಅವರ ಭುಜ ಹಿಡಿದು ಹೊರಗೆ ಕರೆದುಕೊಂಡು ಹೋದರು. ಸೊಸೆ ಅಳು ತಡೆಯಲಾರದೆ ಅತ್ತೆಯ ಕೈ ಹಿಡಿದುಕೊಂಡಳು. ಅತ್ತೆ ಕಷ್ಟಪಟ್ಟು ಕತ್ತು ಹೊರಳಿಸಿ ಬಾಗಿಲ ಕಡೆ ನೋಡಿದರು.

"ಹೋದ್ರಾ?"

"ಹೋದ್ರು ಅತ್ತೆ."

"ನನ್ನ ತಂಗಿಗೆ ಫೋನ್ ಮಾಡು. ಇಲ್ಲಿಂದ ಸೀದಾ ಅವಳ ಮನೆಗೆ ಹೋಗೋದೇ ನಾನು. ಆ ಸ್ಲೇಟು ಅವರೇ ಒರೆಸ್ಕೊಳ್ಳಲಿ."