ರೇಷ್ಮೆ ಬೇಯಿಸುತ್ತಿದ್ದ ಕಾಕಾ

ಕಾಕಾನವರ ಕುರಿತು ಬರೆಯಲು ನನಗೆ ಧೈರ್ಯ ಸಾಲದು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಹೇಳುವಲ್ಲಿ ಎಡವಿದರೆ, ಶಾಸ್ತ್ರದ ಮಾತು ಎಲ್ಲಿಯಾದರೂ ತಪ್ಪಿದರೆ, ತಿಳಿದವರು ಮನ್ನಿಸಬೇಕು.

ಅವರ ಕೈಗಳು ಮೊಣಕೈವರೆಗೆ ಎಂದೂ ಚರ್ಮದ ಬಣ್ಣದಲ್ಲಿ ಇರುತ್ತಿರಲಿಲ್ಲ. ಒಂದು ವಾರ ದಾಳಿಂಬೆಯ ಕೆಂಪು, ಮತ್ತೊಂದು ವಾರ ಅರಿಸಿನದ ಹಳದಿ. ಉಗುರಿನ ಸಂದಿಯಲ್ಲಿ ಮಾತ್ರ ಎಲ್ಲ ವಾರಗಳೂ ಕೂಡಿಕೊಂಡಿರುತ್ತಿದ್ದವು. ಇಳಕಲ್ಲಿನಲ್ಲಿ ನಮ್ಮ ಗೋಡೆಗೆ ಹಚ್ಚಿದ ಮನೆ ಅವರದು. ಸೆರಗಿನ ರೇಷ್ಮೆಯನ್ನು ಸಾಬೂನು, ಸೋಡಾ ಹಾಕಿದ ಹಂಡೆಯಲ್ಲಿ ಬೇಯಿಸಿ, ಅಂಟು ಬಿಡಿಸಿ, ಬಣ್ಣ ಕಟ್ಟಿ ನಮ್ಮ ತಂದೆಯವರ ಮಗ್ಗಕ್ಕೆ ಕೊಡುತ್ತಿದ್ದರು. ಹಂಡೆ ಒಲೆಯ ಮೇಲಿದ್ದಾಗ ಯಾರು ಕರೆದರೂ ಏಳುತ್ತಿರಲಿಲ್ಲ. "ತಡಾ ಆತಂದ್ರ ಅಂಟಷ್ಟ ಅಲ್ಲ, ಎಳೀನೂ ಹೋಗತೈತಿ," ಎನ್ನುತ್ತಿದ್ದರು.

ವಿಜ್ಞಾನ ಓದಲು ನನ್ನನ್ನು ಬಾಗಲಕೋಟೆಗೆ ಕಳುಹಿಸಲು ತಂದೆ ಹಿಂಜರಿದಾಗ ಅವರೇ ನಮ್ಮ ಕಟ್ಟೆಯ ಮೇಲೆ ಬಂದು ಕುಳಿತರು. "ಕಲೀಲಿ ಬಿಡಲೇ. ಓದಿದ್ರ ಹುಡುಗಿ ಬಣ್ಣ ಬಿಡತಾಳೇನು?" ಎಂದು ನಗಿಸಿ ಒಪ್ಪಿಸಿದರು.

ಎಂಬತ್ತರ ದಶಕದ ಆರಂಭದ ಒಂದು ದೀಪಾವಳಿ. ಬಾಗಲಕೋಟೆಯ ವಿದ್ಯಾಗಿರಿಯ ಹಾಸ್ಟೆಲಿನಿಂದ ರಜೆಗೆ ಬಂದಾಗ ಕಾಕಾ ಹಿತ್ತಲಲ್ಲಿ ಕೈ ಉಜ್ಜುತ್ತಿದ್ದರು.

"ನೋಡ ಯವ್ವಾ, ಎಂಟ ದಿನಾ ಆತು, ಹಳದಿ ಹೋಗವಲ್ದು. ಇಂಥಾ ಪಕ್ಕಾ ಬಣ್ಣ ನಾ ಜನ್ಮದಾಗ ಕಟ್ಟಿಲ್ಲ!"

ತೋಳಿನ ಮೇಲೆಲ್ಲ ಕೆರೆದುಕೊಂಡ ಗೀರುಗಳು. ಸೋಡಾದ ಕಡಿತವೆಂದು ಎಲ್ಲರೂ ನಂಬಿದ್ದರು. ಅವರು ತಲೆಯೆತ್ತಿದಾಗ ನಾನು ಕಣ್ಣು ಕಂಡೆ; ಅವೂ ಹಳದಿ. ಕಣ್ಣಿಗೆ ಯಾರೂ ಬಣ್ಣ ಕಟ್ಟುವುದಿಲ್ಲ.

ಆದರೂ ಎರಡು ದಿನ ಬಾಯಿ ಬಿಡಲಿಲ್ಲ. ಅರೆಬರೆ ಕಲಿತ ಹುಡುಗಿಯ ಮಾತು ಸುಳ್ಳಾದರೆ? ಮೂರನೆಯ ದಿನ ತಂದೆಯವರೂ ಆ ಕಣ್ಣುಗಳನ್ನು ಗಮನಿಸಿದರು. "ಕಾಮಣಿ ಆಗೈತಿ. ನಾಳೆ ಮುಂಗೈಗೆ ಬರಿ ಹಾಕಸೂಣು," ಎಂದರು. ಕಾಸಿದ ಕಬ್ಬಿಣದ ಬರೆಯೇ ನಮ್ಮಲ್ಲಿ ಕಾಮಾಲೆಗೆ ಮದ್ದು.

ಆಗ ನಾನು ಹೇಳಿದೆ: "ಕಾಕಾ, ಪಿತ್ತ ಅಂದ್ರ ನಿಮ್ಮ ಹಂಡೇದಾಗಿನ ಸಾಬೂನ ನೀರ ಇದ್ದಂಗರಿ. ಅದು ಕರಳಿಗೆ ಇಳದು ಎಣ್ಣಿ, ತುಪ್ಪ ಒಡೀಬೇಕು. ದಾರಿ ಕಟ್ಟಿದ್ರ ರಕ್ತಕ್ಕ ಸೇರಿ ಹಳದಿ, ಕಡಿತ ತರತೈತಿ, ಲಿವರಿನಾಗೂ ನಿಲ್ಲತೈತಿ. ಅಲ್ಲಿ ಒಂದೊಂದ ಕಣದ ಗ್ವಾಡೀನೂ ಕೊಬ್ಬಿಂದರಿ. ಪಿತ್ತ ಅದನ್ನೂ ತಿನ್ನತೈತಿ. ಬರಿ ಹಾಕಿದ್ರ ದಾರಿ ತೆರಿಯಂಗಿಲ್ಲ."

"ನಾಕ ಅಕ್ಷರ ಕಲ್ತು ದವಾಖಾನಿ ತಗದೀಯೇನು?" ಎಂದು ತಂದೆ ಗದರಿದರು.

ಕಾಕಾ ತಮ್ಮ ಕೈಗಳನ್ನೇ ನೋಡುತ್ತಿದ್ದರು. "ಅಂದ್ರ, ಹಂಡೆ ಒಲೀ ಮ್ಯಾಲ ಐತಿ, ಇಳಸಾವ್ರಿಲ್ಲ," ಎಂದರು ಮೆಲ್ಲಗೆ. ಆಮೇಲೆ ತಂದೆಯತ್ತ ತಿರುಗಿ, "ಏಳಲೇ. ಬಸ್ಸಿಗೆ ಹೋಗೂಣು."

ಹುಬ್ಬಳ್ಳಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಪಿತ್ತನಾಳದ ಕಲ್ಲನ್ನು ತೆಗೆದರು. ಹಳದಿ ಇಳಿಯಿತು, ಕಡಿತ ನಿಂತಿತು. ಆದರೆ ಆ ಕಲ್ಲು ಬಹಳ ಕಾಲದಿಂದ ದಾರಿ ಕಟ್ಟುತ್ತ ಬಿಡುತ್ತ ಇದ್ದಿತಂತೆ. ಯಕೃತ್ತು ಅಷ್ಟರಲ್ಲೇ ಗಟ್ಟಿಯಾಗಿತ್ತು. ಹೊಟ್ಟೆಯಲ್ಲಿ ನೀರು ತುಂಬತೊಡಗಿದ ಮೇಲೆ ಒಂದು ಮಧ್ಯಾಹ್ನ ಆ ಎರಡು ದಿನಗಳ ಮೌನವನ್ನು ಅವರ ಮುಂದೆ ಒಪ್ಪಿಕೊಂಡೆ.

"ಹುಚ್ಚಿ," ಎಂದರು. "ಎರಡ ದಿನದ್ದಲ್ಲ ಇದು, ಎರಡ ವರ್ಷದ ಕಡಿತ. ಸೋಡಾದ್ದು ಅಂತ ನಾನ ಹೇಳಕೋಂತ ಬಂದೆ. ಮಂದಿ ಎಳಿ ಕಾಯ್ದೆ, ನಂದು ಮರತೆ."

ಮುಂದಿನ ಬೇಸಿಗೆಗೆ ತೀರಿಕೊಂಡರು. ಬಾಡಿದ ಆ ಕೈಗಳಿಗೆ ಆಗ ಯಾವ ಬಣ್ಣವೂ ಇರಲಿಲ್ಲ. ಅವರು ಕ್ಷಮಿಸಿದರೂ ಆ ಎರಡು ದಿನಗಳ ಭಯ ನನ್ನನ್ನು ಬಿಟ್ಟಿಲ್ಲ.

ಆಮೇಲೆ ನಮ್ಮ ತಂದೆ ಬಣ್ಣ ಕಟ್ಟಿದ ರೇಷ್ಮೆಯನ್ನು ಪೇಟೆಯಿಂದ ತರತೊಡಗಿದರು. ನಮ್ಮ ಮನೆಯಲ್ಲಿ ಬರೆ ಹಾಕಿಸುವುದು ನಿಂತಿತು. ತಂಗಿಯರಿಬ್ಬರನ್ನೂ ತಂದೆಯೇ ಕಾಲೇಜಿಗೆ ಸೇರಿಸಿ ಬಂದರು. ಯಾರಾದರೂ ಮೈ ಕೆರೆದುಕೊಂಡರೆ ಅವರು ಬಾಗಿಲ ಬೆಳಕಿಗೆ ಕರೆಯುತ್ತಾರೆ. ಕೈ ನೋಡುವುದಿಲ್ಲ, ಕಣ್ಣು ನೋಡುತ್ತಾರೆ.