ಮುದ್ದಕ್ಕ ಕೇಳಿದ ದೆವ್ವದ ಆಟ

ದೀಪಾವಳಿಗೆ ಏನು ಬೇಕು ಅಂತ ಕೇಳಿದರೆ ನಮ್ಮತ್ತೆ ಮುದ್ದಕ್ಕ ಸೀರೆ ಅನ್ನಲಿಲ್ಲ. "ಆ ದೆವ್ವದ ಆಟದ ಡಬ್ಬಿ ತರ್ಸಿಕೊಡು ಲತಾ" ಅಂದರು. ನನಗೆ ನಗು ತಡೆಯಲಾಗಲಿಲ್ಲ. ಅರವತ್ತೆರಡು ವರ್ಷ, ಐಮಂಗಲದ ಪಕ್ಕದ ಹಟ್ಟಿಯಲ್ಲಿ ಎಂಬತ್ತು ಕುರಿ ಕಾಯುವ ಹೆಂಗಸು, ಇವರಿಗೆ ದೆವ್ವದ ಬಂಗಲೆಯ ಬೋರ್ಡ್ ಗೇಮ್ ಬೇಕಂತೆ!

ದಸರಾ ರಜೆಯಲ್ಲಿ ಚಿತ್ರದುರ್ಗದ ನನ್ನ ತಂಗಿ ಮೋನಿಕಾ ಮನೆಗೆ ಅತ್ತೆಯನ್ನೂ ಕರೆದುಕೊಂಡು ಹೋದಾಗ ಅದನ್ನು ಆಡಿದ್ದೆವು. ಒಬ್ಬರನ್ನೊಬ್ಬರು ಸೋಲಿಸುವ ಆಟವಲ್ಲ. ಆಡುವವರೆಲ್ಲ ಒಂದು ಕಡೆ, ದೆವ್ವ ಇನ್ನೊಂದು ಕಡೆ. ಬಂಗಲೆಯಿಂದ ಎಲ್ಲರೂ ಹೊರಬಿದ್ದರೆ ಗೆಲುವು, ಒಬ್ಬರು ಒಳಗುಳಿದರೂ ಎಲ್ಲರಿಗೂ ಸೋಲು. ಹೆದರಿಕೆಯ ಕಪ್ಪು ಬಿಲ್ಲೆ ಯಾರ ಮುಂದಾದರೂ ಐದು ಸೇರಿದರೆ ಅವರ ಕಾಯಿ ಕದಲುವಂತಿಲ್ಲ. ಆಗ ಅವರು ಹೆದರಿಕೆ ಆಗ್ತಿದೆ ಅಂತ ಬಾಯಿಬಿಟ್ಟು ಹೇಳಬೇಕು, ಉಳಿದವರು ಬಿಲ್ಲೆ ಹಂಚಿಕೊಳ್ಳುತ್ತಾರೆ. ಅತ್ತೆ ಈ ನಿಯಮವನ್ನು ಮೂರು ಸಲ ಹೇಳಿಸಿಕೊಂಡಿದ್ದರು.

"ಅದೇ ಯಾಕತ್ತೆ?" ಅಂದೆ.

"ನಿಮ್ಮಾವ ಆಡ್ಲಿ ಅಂತ."

ಮಾವ ಚಿತ್ತಪ್ಪ ಮೂರು ವರ್ಷದಿಂದ ಯಾರ ಜೊತೆಗೂ ಕೂತವರಲ್ಲ. ಒಂದು ನಸುಕಿನಲ್ಲಿ ಅಡವಿಯ ಕುರಿ ರೊಪ್ಪಕ್ಕೆ ತೋಳಗಳು ನುಗ್ಗಿ ಒಂಬತ್ತು ಮರಿ ಕೊಂದವು. ಕಾವಲಿಗಿದ್ದವರು ಮಾವ ಒಬ್ಬರೇ. ಗುಡ್ಡದ ತನಕ ತೋಳಗಳನ್ನು ಅಟ್ಟಿಕೊಂಡು ಹೋಗಿದ್ದೆ ಅಂತ ಎಲ್ಲರಿಗೂ ಹೇಳಿದರು. ಆಮೇಲೆ ಅವರು ಮಂದೆ ಕಡೆ ಹೋಗಲಿಲ್ಲ, ಊಟವೂ ಒಬ್ಬರೇ. ಅಂದಿನಿಂದ ಕುರಿ ಕಾದವರು ಅತ್ತೆ. ಒಂದು ದಿನವೂ ಗೊಣಗಿದ್ದು ನಾನು ಕೇಳಿಲ್ಲ. ನಾನಾಗಿದ್ದರೆ ರಂಪ ಮಾಡಿ ಹಟ್ಟಿಯನ್ನೆಲ್ಲ ಸೇರಿಸುತ್ತಿದ್ದೆ.

ಹಬ್ಬದ ದಿನವೂ ನನ್ನ ಗಂಡನಿಗೆ ಬಸ್ ಡ್ಯೂಟಿ. ಮಧ್ಯಾಹ್ನ ಹೋಳಿಗೆ ಉಂಡ ಮೇಲೆ ಡಬ್ಬಿ ಬಿಚ್ಚಿದೆವು. "ಮೂರು ಜನ ಇಲ್ದಿದ್ರೆ ಆಟ ನಡಿಯಾದಿಲ್ಲಂತೆ, ಬಾ ಕುಂತ್ಕ" ಅಂತ ಅತ್ತೆ ಮಾವನಿಗೆ ಸುಳ್ಳು ಹೇಳಿದರು. ಇಬ್ಬರೇ ಆಡಬಹುದಿತ್ತು, ಆದರೂ ನಾನು ಹೌದೆಂದು ತಲೆಯಾಡಿಸಿದೆ.

ಅರ್ಧ ಗಂಟೆಯಲ್ಲಿ ಮಾವನ ಮುಂದೆ ಐದು ಬಿಲ್ಲೆ ಬಿದ್ದವು. ನಾವಿಬ್ಬರೂ ಬಂಗಲೆಯ ಬಾಗಿಲ ಹತ್ತಿರ ಬಂದಿದ್ದೆವು.

"ನೀವು ಹೋಗ್ರಿ, ನಾನು ಇಲ್ಲೇ ಇರ್ತೀನಿ" ಅಂದರು ಮಾವ.

"ಹಂಗಾದ್ರೆ ಎಲ್ಲಾರೂ ಸೋತಂಗೆ ಮಾವ. ಆ ಒಂದು ಮಾತು ಹೇಳ್ರಿ ಸಾಕು" ಅಂದೆ.

ಅತ್ತೆ ತಮ್ಮ ಕಾಯಿಯನ್ನು ಬಾಗಿಲಿಂದ ಹಿಂದಕ್ಕೆ ನಡೆಸಿಕೊಂಡು ಬಂದು ಮಾವನ ಕಾಯಿಯ ಪಕ್ಕ ಇಟ್ಟರು. ಅವಸರ ಮಾಡಲಿಲ್ಲ.

"ಹೆದರಿಕೆ ಆತು" ಅಂದರು ಮಾವ. ಅವರು ಬೋರ್ಡ್ ನೋಡುತ್ತಿರಲಿಲ್ಲ. "ಅವತ್ತು ನಾನು ತೋಳ ಅಟ್ಲಿಲ್ಲ. ಮರಿ ಬಿಟ್ಟು ಹಳ್ಳಕ್ಕೆ ಓಡಿ ಅವಿತ್ಕಂಡೆ."

ಅತ್ತೆ ಮೂರು ಬಿಲ್ಲೆ ತಮ್ಮ ಕಡೆ ಎಳೆದುಕೊಂಡು, ಎರಡನ್ನು ನನ್ನತ್ತ ತಳ್ಳಿದರು.

"ಗೊತ್ತೈತೆ. ಬೆಳಿಗ್ಗೆ ಮೊದ್ಲು ಅಲ್ಲಿಗೆ ಹೋದೋಳು ನಾನೇ ಅಲ್ವಾ? ನಿನ್ ಹೆಜ್ಜೆ ಎಲ್ಲಾ ಹಳ್ಳದ ಕಡೀಕಿದ್ವು, ಗುಡ್ಡದ ಕಡೆ ಒಂದೂ ಇರ್ಲಿಲ್ಲ. ಜನ ಬರೋದ್ರೊಳಗೆ ಉಳಿದ ಕುರಿನೆಲ್ಲ ಅದ್ರ ಮ್ಯಾಲೆ ಹಾಯಿಸಿ ಅಳಿಸ್ಬಿಟ್ಟೆ."

ಮೂರು ವರ್ಷ! ಈ ಹೆಂಗಸಿನ ಕಾಲಿಗೆ ಬೀಳಬೇಕು ಅನ್ನಿಸಿತು ನನಗೆ. ಮಾವ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದರು.

"ಅಳಾದು ಆಮೇಲೆ" ಅಂದರು ಅತ್ತೆ. "ದೆವ್ವ ಹತ್ರ ಬಂದೈತೆ. ನಡಿ, ಹೋಗಾಣ."