ಹಗ್ಗದ ರಾಟಿಯಲ್ಲಿ ಬ್ಯಾಟರಿ ತುಂಬುವ ಮಾರೆವ್ವ

ಇದು ಮೊದಲಾದದ್ದು ಯುದ್ಧದ ಕಾಲದ ಒಂದು ಬೇಸಿಗೆಯಲ್ಲಿ, ಬೆಳ್ಳಿಚುಕ್ಕಿ ಮೂಡುವ ಹೊತ್ತಿಗೆ. ಆರು ವರ್ಷ ಕಳೆದಿವೆ. ಹೊತ್ತು ಈಗಲೂ ಅದೇ.

ಹಿಟ್ನಾಳದ ದೊಡ್ಡ ರಸ್ತೆಯ ಪಕ್ಕ, ಬೇವಿನ ಗಿಡದ ಕೆಳಗೆ ಮಾರೆವ್ವ ಸೆರಗು ಬಿಗಿದು ನಿಂತಿದ್ದಾಳೆ. ಎದುರಿಗೆ ಆಳೆತ್ತರದ ರಾಟಿ. ಪುಂಡಿನಾರಿನ ಹಗ್ಗ ಹೊಸೆಯಲು ಅವಳ ಮಾವ ಮಾಡಿಸಿದ್ದು. ಈಗ ಅದರ ಮೇಲಿಂದ ಒಂದು ಚರ್ಮದ ಪಟ್ಟಿ ಹೋಗಿ, ಬಂಡೆಗೆ ಬಿಗಿದ ಚಿಕ್ಕ ಯಂತ್ರವೊಂದನ್ನು ಸುತ್ತಿದೆ. ಅದು ಮುರಿದ ಲಾರಿಯ ಡೈನಮೊ. ಅದರಿಂದ ಹೊರಟ ಎರಡು ತಂತಿಗಳು ರಸ್ತೆಯ ಮೋಟಾರಿನವರು ತುಂಬಲು ಕೊಟ್ಟುಹೋದ, ನೆಲದ ಮೇಲಿಟ್ಟ ಬ್ಯಾಟರಿಗೆ ಸೇರಿವೆ.

ಮಾರೆವ್ವ ಹಿಡಿಕೆ ತಿರುವುತ್ತಾಳೆ. ನೂರು ಸುತ್ತಿಗೊಮ್ಮೆ ಗಂಡ ದ್ಯಾವಪ್ಪ ಒಂದು ಹುಣಿಸೆಬೀಜವನ್ನು ಬುಟ್ಟಿಗೆ ಹಾಕುತ್ತಾನೆ. ಹತ್ತು ಬೀಜಕ್ಕೆ ಗಂಡ ಹೆಂಡತಿ ಜಾಗ ಬದಲಿಸುತ್ತಾರೆ. ತೊಂಬತ್ತು ಬೀಜ ಆಗುವಾಗ ಬಿಸಿಲು ರಸ್ತೆಗೆ ಬಂದಿರುತ್ತದೆ.

"ಜೋರು ತಿರುವಿದ್ರ ಲಗೂನ ತುಂಬತೈತಿ ಅಂತ ಎಲ್ಲಾರೂ ತಿಳಕೊಂತಾರ್ರಿ," ಎನ್ನುತ್ತಾಳೆ ಮಾರೆವ್ವ. "ಹಂಗ ಮಾಡಿದ್ರ ತಂತಿ ಕಾಯತೈತಿ. ಆಗಾಗ ಕೈ ಹಚ್ಚಿ ನೋಡಬೇಕು. ಬಿಸಿ ಅನಸ್ತಂದ್ರ ಸಾವಕಾಶ. ಎಮ್ಮಿ ಹಿಂಡಿದಂಗ ಇದು. ಅವಸರ ಮಾಡಿದ್ರ ಒದೀತೈತಿ."

"ನನಗಿಂತ ಆಕಿ ಕೈಯಾಗ ಛಲೋ ತುಂಬತೈತ್ರಿ," ಎಂದು ದ್ಯಾವಪ್ಪ ಒಪ್ಪಿಕೊಳ್ಳುತ್ತಾನೆ.

"ನಾ ತಿರುವೂ ಮುಂದ ನೀವು ಎಲ್ಡು ಬೀಜ ಕಮ್ಮಿ ಹಾಕಿರತೀರಿ. ಅದಕ್ಕ ಹಂಗಾಕೈತಿ."

ತುಂಬಿತೋ ಇಲ್ಲವೋ ಎಂದು ತಿಳಿಯಲು ಅವಳ ಬಳಿ ಯಾವ ಮಾಪೂ ಇಲ್ಲ. ಬ್ಯಾಟರಿಯ ಪಕ್ಕ ಕುಳಿತು ಕಿವಿಗೊಡುತ್ತಾಳೆ. ಒಳಗೆ ನುಚ್ಚು ಕುದಿಯುವಂಥ ಸಣ್ಣ ಸದ್ದು ಒಂದೇ ಸಮ ಕೇಳಿದರೆ ತುಂಬಿತೆಂದು ಲೆಕ್ಕ. ಒಳಗೆ ಹಾಕುವ ನೀರು ಬಾವಿಯದಲ್ಲ. ಮಳೆಗಾಲದಲ್ಲಿ ಪಿಂಗಾಣಿ ಜಾಡಿಯಲ್ಲಿ ಹಿಡಿದಿಟ್ಟ ಮಳೆನೀರು.

ಇದನ್ನೆಲ್ಲ ಕಲಿಸಿದವನು ಡ್ರೈವರ್ ಅಮೀನಸಾಬ. ಈಗ ಗಂಗಾವತಿ ಸರ್ವಿಸ್ ಮೋಟಾರು ಓಡಿಸುತ್ತಾನೆ. ಆಗ ಡಾಕ್ಟರ ಮೋಟಾರಿನಲ್ಲಿದ್ದ. ಆ ಬೇಸಿಗೆ ವಾಂತಿಭೇದಿ ಊರಿಂದೂರಿಗೆ ಹಬ್ಬಿತ್ತು. ಡಾಕ್ಟರು ಹಿಟ್ನಾಳದ ಚಾವಡಿಯಲ್ಲಿ ಬಿಡಾರ ಹೂಡಿ, ಉಪ್ಪುನೀರಿನ ಬಾಟಲಿಗಳನ್ನು ಮೋಟಾರಿನಲ್ಲಿಟ್ಟುಕೊಂಡು ಸುತ್ತುತ್ತಿದ್ದರು. ನರಕ್ಕೆ ಆ ನೀರು ಹನಿಸಿದರೆ ಬಾಡಿದ ಮನುಷ್ಯ ಎದ್ದು ಕೂರುತ್ತಿದ್ದ. ಅಂಥ ಹೊತ್ತಿನಲ್ಲಿ ಮೋಟಾರಿನ ಡೈನಮೊ ಸುಟ್ಟಿತು. ಬ್ಯಾಟರಿ ತುಂಬದಿದ್ದರೆ ಕಿಡಿ ಇಲ್ಲ. ಕಿಡಿ ಇಲ್ಲದಿದ್ದರೆ ಎಷ್ಟು ಹ್ಯಾಂಡಲ್ ಹೊಡೆದರೂ ಮೋಟಾರು ಏಳುವುದಿಲ್ಲ. ಯುದ್ಧದ ಕಾಲ, ಬಿಡಿ ಸಾಮಾನು ಎಲ್ಲಿಯೂ ಸಿಗುತ್ತಿರಲಿಲ್ಲ. ಬ್ಯಾಟರಿಯನ್ನು ಹೊಸಪೇಟೆಗೆ ಕಳಿಸಿದರೆ, ಸೀಮೆಯ ಗಡಿಯ ಸುಂಕದ ನಾಕೆ ದಾಟಿ ತಿರುಗಿ ಬರಲು ಮೂರು ದಿನ. ಅಮೀನಸಾಬನಿಗೆ ಸಿಕ್ಕ ಲಾರಿಯ ಡೈನಮೊ ಆ ಮೋಟಾರಿಗೆ ಕೂರಲಿಲ್ಲ. ಮಾರೆವ್ವನ ರಾಟಿಗೆ ಕೂತಿತು.

"ಒಂದು ಮುಂಜಾನಿ ತುಂಬಿದ್ದು ಒಂದು ದಿನದ ತಿರುಗಾಟಕ್ಕ ಸಾಕಾಗ್ತಿತ್ರಿ," ಎಂದು ಅಮೀನಸಾಬ ನೆನೆಯುತ್ತಾನೆ. "ದೀಪ ಹಚ್ಚಂಗಿಲ್ಲ, ಹಾರ್ನ್ ಒತ್ತಂಗಿಲ್ಲ. ಎಮ್ಮಿ ಅಡ್ಡ ಬಂದ್ರ ನಾನ ಬಾಯಿಲೆ ಹಾರ್ನ್ ಆಗತಿದ್ದೆ."

ಇಪ್ಪತ್ತು ದಿನ ಹೀಗೆ ನಡೆಯಿತು. ಮೊದಲ ದಿನವೇ ಅವನು ಒಂದು ಮಾತು ಹೇಳಿದ್ದ: ತಿರುವುವ ಕೈ ನಿಲ್ಲುವ ಮೊದಲು ತಂತಿ ಬಿಚ್ಚಬೇಕು. ಬಿಚ್ಚದಿದ್ದರೆ ತುಂಬಿದ್ದು ಹಿಂದಕ್ಕೆ ಹರಿದು ಡೈನಮೊವನ್ನು ತಿರುಗಿಸುತ್ತದೆ, ಡೈನಮೊ ರಾಟಿಯನ್ನು ತಿರುಗಿಸುತ್ತದೆ, ಬ್ಯಾಟರಿ ಬರಿದಾಗುವ ತನಕ. ಆ ಇಪ್ಪತ್ತು ದಿನವೂ ತಂತಿ ಬಿಚ್ಚಿದವನು ಅಮೀನಸಾಬನೇ.

ಹಗ್ಗ ಹೊಸೆಯುವವರು ರಾಟಿಯನ್ನು ಹಿಡಿದು ನಿಲ್ಲಿಸುವುದಿಲ್ಲ. ತಟ್ಟನೆ ನಿಲ್ಲಿಸಿದರೆ ಹುರಿ ಗಂಟಾಗುತ್ತದೆ. ಹಿಡಿಕೆ ಬಿಟ್ಟು ಬೇರೆ ಕೆಲಸಕ್ಕೆ ಹೋಗುತ್ತಾರೆ, ರಾಟಿ ತಾನಾಗಿ ಸೋತು ನಿಲ್ಲುತ್ತದೆ. ತಿಳಿವಳಿಕೆ ಬಂದಾಗಿನಿಂದ ಮಾರೆವ್ವ ಮಾಡಿಕೊಂಡು ಬಂದದ್ದು ಇದನ್ನೇ.

ಒಂದು ಸೋಮವಾರ ಸಂಜೆ ಅಳವಂಡಿಯಿಂದ ಕುದುರೆಯ ಮೇಲೆ ಸುದ್ದಿ ಬಂತು. ಅಲ್ಲಿನ ಒಂದು ಓಣಿಯಲ್ಲಿ ಮೂವರಿಗೆ ಬೇನೆ. ಅವರಲ್ಲಿ ಹೊಳಿಯಮ್ಮ ಎಂಬವಳು ಎದೆಹಾಲಿನ ಕೂಸಿನ ತಾಯಿ. ಬ್ಯಾಟರಿ ಬರಿದಾಗಿತ್ತು. ಮುಂಜಾನೆ ತುಂಬಿದೊಡನೆ ಹೊರಡುವುದೆಂದು ಡಾಕ್ಟರು ಹೇಳಿದರು.

ಗಂಡ ಹೆಂಡತಿ ಮರುದಿನ ಚುಕ್ಕಿ ಮೂಡುವ ಮೊದಲೇ ತಿರುವತೊಡಗಿದರು. ಹೊತ್ತು ಮೂಡುವಾಗ ಬ್ಯಾಟರಿ ತುಂಬಿತ್ತು. ಅಮೀನಸಾಬ ಮೋಟಾರಿಗೆ ನೀರು ತರಲು ಹಳ್ಳಕ್ಕೆ ಹೋಗಿದ್ದ. ಡಾಕ್ಟರು ಚಾವಡಿಯಲ್ಲಿ ಬಾಟಲಿ ಕುದಿಸುತ್ತಿದ್ದರು. ಮಾರೆವ್ವ ಹಿಡಿಕೆ ಬಿಟ್ಟು, ದಾರಿಗೆ ಬುತ್ತಿ ಕಟ್ಟಿಕೊಡಲೆಂದು ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು. ಹೊರಗೆ ರಾಟಿಯ ಸದ್ದು ಕೇಳುತ್ತಲೇ ಇತ್ತು. ಇನ್ನಷ್ಟು ತುಂಬಲೆಂದು ಗಂಡ ತಿರುವುತ್ತಿದ್ದಾನೆ ಅಂದುಕೊಂಡಳು. ಕೊನೆಯ ಬೀಜ ಹಾಕಿ ಎದ್ದುಹೋದ ದ್ಯಾವಪ್ಪ ಹಿತ್ತಲಲ್ಲಿ ನಾರು ನೆನೆಹಾಕುತ್ತಿದ್ದ. ಅವನಿಗೂ ಸದ್ದು ಕೇಳುತ್ತಿತ್ತು. ಹೆಂಡತಿ ಇನ್ನೂ ತಿರುವುತ್ತಿದ್ದಾಳೆ ಅಂದುಕೊಂಡ. ಹಳ್ಳ ಬತ್ತಿ, ಒರತೆ ತೋಡಿ ನೀರು ತುಂಬಿಕೊಂಡ ಅಮೀನಸಾಬ ತಡವಾಗಿ ಹಿತ್ತಲ ಹಾದಿಯಿಂದ ಬಂದ. ದ್ಯಾವಪ್ಪ ಕೊಡ ಇಳಿಸಿಕೊಟ್ಟ.

"ಮಾರೆಕ್ಕಾ, ರಾಟಿ ಯಾರು ತಿರುವಾಕತ್ತಾರ?" ಅಮೀನಸಾಬ ಬಾಗಿಲಲ್ಲಿ ನಿಂತು ಕೇಳಿದ.

"ಅವರು."

"ಅವರು ಇಲ್ಲೇ ನನ್ನ ಬಾಜೂಕ ನಿಂತಾರಲ್ಲ."

ಮೂವರೂ ಓಡಿದರು. ಬೇವಿನ ಗಿಡದ ಕೆಳಗೆ ಯಾರೂ ಇರಲಿಲ್ಲ. ರಾಟಿ ತನ್ನಷ್ಟಕ್ಕೆ ತಿರುಗುತ್ತಿತ್ತು, ಬಹಳ ನಿಧಾನವಾಗಿ. ಅವರ ಕಣ್ಣೆದುರಿಗೇ ನಿಂತಿತು.

ಮತ್ತೆ ತಿರುವಿದರು. ಓಣಿಯವರೂ ಕೈ ಹಚ್ಚಿದರು. ಮುಂಜಾನೆ ಮುಟ್ಟಬೇಕಾದ ಮೋಟಾರು ಅಳವಂಡಿ ಮುಟ್ಟಿದ್ದು ಹೊತ್ತು ಇಳಿದ ಮೇಲೆ. ಇಬ್ಬರು ಉಳಿದರು. ಹೊಳಿಯಮ್ಮನ ಜೀವ ನಡುಮಧ್ಯಾಹ್ನವೇ ಹೋಗಿತ್ತು.

"ಬೇಗ ಹೋಗಿದ್ದರೂ ಉಳಿಯುತ್ತಿದ್ದಳೋ ಇಲ್ಲವೋ, ನಾನು ಹೇಳಲಾರೆ" ಎಂದು ಡಾಕ್ಟರು ಮಾರೆವ್ವನಿಗೆ ಹೇಳಿದರಂತೆ.

"ಉಳೀತಿದ್ದಿಲ್ಲ ಅಂತ ಅವರು ಅನ್ನಲಿಲ್ಲರಿ," ಎನ್ನುತ್ತಾಳೆ ಮಾರೆವ್ವ.

ಮರುದಿನ ಚುಕ್ಕಿ ಮೂಡುವಾಗ ಅವಳು ಮತ್ತೆ ರಾಟಿಯ ಮುಂದಿದ್ದಳು. ಬೇನೆ ಇಳಿಯುವ ತನಕ ಒಂದು ದಿನವೂ ಬಿಡಲಿಲ್ಲ. ಆಮೇಲೆ ಕಾರಹುಣ್ಣಿಮೆಗೆ ಮುಂಚೆ, ಗಂಡನಿಗಷ್ಟೇ ಹೇಳಿ, ಅಳವಂಡಿಗೆ ನಡೆದುಹೋದಳು. ಹೊಳಿಯಮ್ಮನ ಅತ್ತೆ ಫಕೀರಮ್ಮ ಕಟ್ಟೆಯ ಮೇಲೆ ಕೂಸನ್ನು ತೊಡೆಯಲ್ಲಿಟ್ಟುಕೊಂಡು ಕೂತಿದ್ದಳು.

"ಯವ್ವಾ, ನಾ ತಂತಿ ಬಿಚ್ಚದ ಹೋದೆ. ಅದಕ್ಕ ಮೋಟಾರ ತಡಾ ಆತು," ಎಂದಳಂತೆ ಮಾರೆವ್ವ, ನಿಂತುಕೊಂಡೇ.

ಮುದುಕಿ ಕೂಸಿನ ಬಾಯಿ ಒರೆಸಿದಳು. ಆಮೇಲೆ ಕೇಳಿದಳು: "ಏನು ಕೆಲಸ ನಿಂದು?"

"ಹಗ್ಗ ಹೊಸಿತೀನಿ."

"ಬೇನಿ ಬಂದಾಗ ನಮ್ಮ ಬಾವಿ ಹಗ್ಗ ಸುಟ್ಟಾರ. ಒಂದು ಮಾಡಿಕೊಡು."

ಅಂದಿನಿಂದ ವರ್ಷಕ್ಕೊಂದು ಬಾವಿಹಗ್ಗ ಹಿಟ್ನಾಳದಿಂದ ಅಳವಂಡಿಗೆ ಹೋಗುತ್ತದೆ. ಕೊಂಡೊಯ್ಯುವವಳು ಮಾರೆವ್ವನೇ. ಆ ಮನೆಯ ಕೂಸು ಈಗ ಆರೇಳು ವರ್ಷದ ಹುಡುಗಿ. ಹಗ್ಗದ ಸುರುಳಿಯೊಳಗೆ ಕೂತು ಆಡುತ್ತಾಳಂತೆ.

ಹೊಳೆಗೆ ಕಟ್ಟುತ್ತಿರುವ ಅಣೆಕಟ್ಟು ಮುಗಿದರೆ ಹಿಟ್ನಾಳಕ್ಕೂ ಕರೆಂಟು ಬರುತ್ತದೆಂದು ಜನ ಹೇಳುತ್ತಾರೆ. ಆಗ ಈ ರಾಟಿಗೆ ಬ್ಯಾಟರಿ ತರುವವರು ಇರಲಾರರು. ಮಾರೆವ್ವನಿಗೆ ಅದರ ಚಿಂತೆ ಇಲ್ಲ.

"ಬರಲೇಳ್ರಿ. ನಮ್ಮ ರಟ್ಟಿಗೂ ಆರಾಮ. ಯಾರು ತುಂಬಿದ್ರೂ ಅವರಿಗೆ ನಂದು ಒಂದ ಮಾತು. ಸಪ್ಪಳ ಕೇಳಿ ನಂಬಬ್ಯಾಡ್ರಿ. ಎದ್ದು ಬಂದು ಕಣ್ಣಿಲೆ ನೋಡ್ರಿ."

ತೊಂಬತ್ತನೆಯ ಬೀಜ ಬುಟ್ಟಿಗೆ ಬೀಳುತ್ತದೆ. ಮಾರೆವ್ವ ಬಲಗೈ ತಿರುವುತ್ತಿರುವಾಗಲೇ ಬಗ್ಗಿ, ಎಡಗೈಯಿಂದ ತಂತಿ ಬಿಚ್ಚುತ್ತಾಳೆ. ಹಿಡಿಕೆ ಬಿಡುತ್ತಾಳೆ. ದ್ಯಾವಪ್ಪ ರೊಟ್ಟಿಗೆ ಕರೆಯುತ್ತಾನೆ. ಅವಳು ಕದಲುವುದಿಲ್ಲ. ರಾಟಿಯ ಕೊನೆಯ ಸುತ್ತು ಮುಗಿದು ಅದು ಪೂರ್ತಿ ನಿಲ್ಲುವ ತನಕ ಅಲ್ಲೇ ನಿಂತಿರುತ್ತಾಳೆ. ಬ್ಯಾಟರಿ ಇಲ್ಲದೆ ಬರಿಯ ಹಗ್ಗ ಹೊಸೆಯುವ ದಿನವೂ ಹಾಗೆಯೇ.

ಅಳವಂಡಿಯ ಹೊಳಿಯಮ್ಮ ಹೋದದ್ದು ವೈಶಾಖದ ಅಮಾಸೆಗೆ ಮೂರು ದಿನ ಮುಂಚೆ, ಮಂಗಳವಾರ.